11 ಮಿಲಿಮೀಟರ್: ಮಂಡ್ಯದ ಮಾರಿಸ್ ಮೈನರ್‌ಗೆ ಹೊಸ ಮಡ್‌ಗಾರ್ಡ್ ಕೂರಿಸಿದ ಪ್ರಕರಣ

ಕಾರು ಮೈಸೂರಿನ ಬನ್ನಿಮಂಟಪದ ನಮ್ಮ ಷೆಡ್ಡಿಗೆ ಬಂದದ್ದು 2022ರ ಜನವರಿಯಲ್ಲಿ, ಲಾರಿಯ ಮೇಲೆ, ಮಂಡ್ಯದ ಕಡೆಯಿಂದ. 1958ರ ಮಾರಿಸ್ ಮೈನರ್ 1000, ಇಂಗ್ಲೆಂಡಿನ ಸಣ್ಣ ಕಾರು, ಎರಡು ಬಾಗಿಲಿನದು. ಮುಂದಿನ ಎರಡೂ ಮಡ್‌ಗಾರ್ಡ್‌ಗಳ ತಳ ಕೈ ತಾಗಿಸಿದರೆ ಪುಡಿ ಉದುರಿಸುತ್ತಿತ್ತು. ಎಡಗಡೆ ಬಾಗಿಲು ತೆರೆಯಬೇಕಾದರೆ ಎತ್ತಿ ಎಳೆಯಬೇಕಿತ್ತು, ಹಾಕಬೇಕಾದರೆ ಮೊಣಕಾಲು ಕೊಡಬೇಕಿತ್ತು. ಇಂಗ್ಲೆಂಡಿನಿಂದ ಹೊಸ ಪ್ಯಾನೆಲ್, ಅಂದರೆ ಬಾಡಿಯ ತಗಡಿನ ಭಾಗಗಳನ್ನು ತರಿಸಿದೆವು. ಬಲಗಡೆಯದು ಸ್ವಲ್ಪ ತಂಟೆ ಮಾಡಿ ಕೂತಿತು. ಎಡಗಡೆಯದು ಕೂರಲಿಲ್ಲ. ಕೆಳಗಿನ ಮೂಲೆಯಲ್ಲಿ ಬೋಲ್ಟಿನ ತೂತಿಗೂ ಬಾಗಿಲಿನ ಹಿಂಜ್ ಇರುವ ಕಂಬದ ನಟ್ಟಿಗೂ 11 ಮಿ.ಮೀ. ದೂರ. ಅದನ್ನು ಸರಿಮಾಡಲು ಏಳು ವಾರ ಹಿಡಿಯಿತು. ಆ ಏಳು ವಾರದ ಮೊದಲ ಎರಡು ದಿನ ನಾನು ಮಾಡಿದ ತಪ್ಪನ್ನು ಇನ್ನೊಬ್ಬರು ಮಾಡದಿರಲಿ ಅಂತ ಅಳತೆಗಳ ಸಮೇತ ಬರೆದಿಡುತ್ತಿದ್ದೇನೆ.

ಕಾರಿನ ಹಿನ್ನೆಲೆ

ಕೊಡಗಿನ ಕಾಫಿ ತೋಟವೊಂದರ ಇಂಗ್ಲಿಷ್ ಮ್ಯಾನೇಜರ್ ತಮ್ಮ ಜೊತೆ ತಂದಿದ್ದ ಕಾರು ಇದು. ಅವರು ವಾಪಸ್ ಹೋಗುವಾಗ, 1964ರಲ್ಲಿ, ಮಂಡ್ಯದಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದ ಡಾಕ್ಟರೊಬ್ಬರು ಕೊಂಡುಕೊಂಡರು. ರಾತ್ರಿ ಹೊತ್ತು ಹೆರಿಗೆ ಕೇಸು ಅಂತ ಯಾರಾದರೂ ಬಂದು ಬಾಗಿಲು ತಟ್ಟಿದರೆ ಡಾಕ್ಟರು ಇದೇ ಕಾರಿನಲ್ಲಿ ಹೊರಡುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ, 1987ರಿಂದ, ಪಾಂಡವಪುರದ ಹತ್ತಿರದ ಊರಮನೆಯ ಕೊಟ್ಟಿಗೆಯಲ್ಲಿ ನಿಂತಿತ್ತು. ಕೊಟ್ಟಿಗೆಗೆ ಮಣ್ಣಿನ ನೆಲ. ಗೋಡೆಯ ಆಚೆಗೆ ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿಯುವ ಗದ್ದೆ. ವರ್ಷದಲ್ಲಿ ಎಂಟು ತಿಂಗಳು ಆ ನೆಲದಲ್ಲಿ ಪಸೆ ಇರುತ್ತದೆ. ಮೇಲಿನಿಂದ ಒಂದು ಹನಿ ಮಳೆ ಬೀಳದಿದ್ದರೂ ಕಾರು ಕೆಳಗಿನಿಂದ ಮೇಲಕ್ಕೆ ತಿಂದುಹೋಗಿತ್ತು. ಮೇಲುಭಾಗ, ಗಾಜಿನ ಚೌಕಟ್ಟು, ಬಾನೆಟ್ ಎಲ್ಲ ಗಟ್ಟಿ. ಮೊಣಕಾಲಿನ ಮಟ್ಟದಿಂದ ಕೆಳಗೆ ಮಾತ್ರ ಜರಡಿ.

ಡಾಕ್ಟರ ಮಗ ಈಗ ಅರವತ್ತರ ಆಸುಪಾಸಿನವರು, ಕಬ್ಬು ಬೆಳೆಯುತ್ತಾರೆ. ಅವರ ಆಸೆ ಎರಡು. ಒಂದು, ಮದುವೆಯಾದ ಹೊಸತರಲ್ಲಿ ಈ ಕಾರಿನಲ್ಲಿ ಕೂತು ಗಂಜಾಂನ ನಿಮಿಷಾಂಬ ದೇವಸ್ಥಾನಕ್ಕೆ ಹೋಗಿದ್ದ ತಮ್ಮ ತಾಯಿಯನ್ನು ಮತ್ತೆ ಇದರಲ್ಲೇ ಅಲ್ಲಿಗೆ ಕರೆದುಕೊಂಡು ಹೋಗಬೇಕು. ಎರಡು, ಕಾರಿಗೆ ವಿಂಟೇಜ್ ನೋಂದಣಿ ಆಗಬೇಕು. 2021ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ತಂದು, 50 ವರ್ಷ ದಾಟಿದ ವಾಹನಗಳಿಗೆ ಬೇರೆಯೇ ನೋಂದಣಿ ವ್ಯವಸ್ಥೆ ಮಾಡಿತು. ಹೊಸದಾಗಿ ನೋಂದಾಯಿಸುವ ವಾಹನಕ್ಕೆ ‘ವಿಎ’ ಅಕ್ಷರಗಳ ನಂಬರು, 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಮೊದಲೇ ನೋಂದಣಿ ಆಗಿರುವ ವಾಹನ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಇವರ ಕಾರಿಗೆ ಮೈಸೂರು ರಾಜ್ಯದ ಕಾಲದ, ‘ಎಂವೈ’ ಅಂತ ಶುರುವಾಗುವ ನಂಬರಿದೆ, ಅದನ್ನು ಬಿಡಲು ಅವರು ಸುತರಾಂ ಒಪ್ಪುವವರಲ್ಲ. ಆದರೆ ನಿಯಮದಲ್ಲಿ ಒಂದು ಮಾತಿದೆ: ವಾಹನ ಮೂಲ ಸ್ವರೂಪದಲ್ಲಿರಬೇಕು, ಚಾಸಿ, ಬಾಡಿ ಶೆಲ್ (ಕಾರಿನ ತಗಡಿನ ಮೈ), ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೀಗಾಗಿ ಕಾಣಲು ಚೆನ್ನಾಗಿದ್ದರೆ ಸಾಕು ಅನ್ನುವ ಕೆಲಸ ಇಲ್ಲಿ ನಡೆಯುವಂತಿರಲಿಲ್ಲ.

ಇನ್ನೊಂದು ಸಂಗತಿ ಮೊದಲೇ ಹೇಳಬೇಕು. 2009ರಲ್ಲಿ ಇವರು ಕಾರನ್ನು ಬೇರೆ ಊರಿನ ಒಂದು ಗ್ಯಾರೇಜಿಗೆ ಕೊಟ್ಟಿದ್ದರು. ನಾಲ್ಕು ತಿಂಗಳು ಇಟ್ಟುಕೊಂಡು, ಎಡಗಡೆ ಬಾಗಿಲ ಕೆಳಗೆ ಗ್ಯಾಸ್ ವೆಲ್ಡಿಂಗ್‌ನಲ್ಲಿ ಒಂದು ಚಪ್ಪಟೆ ತಗಡು ಹೊದಿಸಿ, ಕಪ್ಪು ಬಣ್ಣ ಬಳಿದು ವಾಪಸ್ ಕಳಿಸಿದರು. ಇದನ್ನು ನಮಗೆ ಮೊದಲ ದಿನವೇ ಹೇಳಿದ್ದರು. ಆ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ.

ಮೈನರ್‌ನ ಮೈಕಟ್ಟು

ಮಾರಿಸ್ ಮೈನರ್ ಹೊರಬಂದದ್ದು 1948ರಲ್ಲಿ, ಲಂಡನ್ನಿನ ಮೋಟಾರ್ ಷೋದಲ್ಲಿ. ವಿನ್ಯಾಸ ಅಲೆಕ್ ಇಸಿಗೋನಿಸ್ ಅವರದು, ಮುಂದೆ ಮಿನಿ ಕಾರು ಮಾಡಿದವರೂ ಅವರೇ. ಮಾದರಿ ಕಾರು ಸಿದ್ಧವಾದ ಮೇಲೆ ಅದು ತೀರ ಸಣಕಲಾಗಿ ಕಾಣುತ್ತದೆ ಅನ್ನಿಸಿ, ಅದನ್ನು ಉದ್ದಕ್ಕೆ ಸೀಳಿಸಿ, ಎರಡು ಭಾಗಗಳನ್ನು ದೂರ ಸರಿಸಿ ನೋಡಿ, 4 ಇಂಚು ಅಗಲ ಮಾಡಿದರು. ಬಾನೆಟ್ಟಿನ ನಡುವೆ ಉಬ್ಬಿ ಹೋಗುವ ಪಟ್ಟಿ ಆ ಸೀಳಿನ ಗುರುತು. ಕೈ ಆಡಿಸಿದರೆ ಈಗಲೂ ಸಿಗುತ್ತದೆ, ನನಗಂತೂ ಪ್ರತಿ ಸಲವೂ ಸಂತೋಷವಾಗುತ್ತದೆ. 1956ರಲ್ಲಿ ಎರಡು ತುಂಡಿನ ಮುಂದಿನ ಗಾಜು ಹೋಗಿ ಒಂದೇ ಬಾಗಿದ ಗಾಜು ಬಂತು, 948 ಸಿಸಿ ಎಂಜಿನ್ ಬಂತು, ಹೆಸರು ಮೈನರ್ 1000 ಆಯಿತು. ಎಲ್ಲ ಸೇರಿ 16 ಲಕ್ಷಕ್ಕಿಂತ ಹೆಚ್ಚು ಕಾರುಗಳು ತಯಾರಾದವು. ಅಷ್ಟು ಕಾರು ಇದ್ದುದರಿಂದಲೇ ಇವತ್ತಿಗೂ ಇಂಗ್ಲೆಂಡಿನಲ್ಲಿ ಇದರ ಮಡ್‌ಗಾರ್ಡ್, ಬಾಗಿಲ ಕೆಳಗಿನ ಸಿಲ್, ತಳದ ತಗಡು ಎಲ್ಲವನ್ನೂ ಹೊಸದಾಗಿ ಒತ್ತಿ ಮಾರುವವರಿದ್ದಾರೆ. ಅಂಬಾಸಡರ್, ಪದ್ಮಿನಿಗೆ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಹುಡುಕಿದ ಹಾಗೆ ಮೈನರ್‌ಗೆ ಹುಡುಕಿದರೆ ಬರಿಗೈಯಲ್ಲಿ ಬರಬೇಕಾಗುತ್ತದೆ.

ಇದರಲ್ಲಿ ಮಡ್‌ಗಾರ್ಡ್ ಭಾರ ಹೊರುವುದಿಲ್ಲ. ಬೋಲ್ಟು ಬಿಚ್ಚಿದರೆ ನಾಲ್ಕೂ ಕೈಗೆ ಬರುತ್ತವೆ. ಭಾರ ಹೊರುವುದು ತಳ, ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ತೊಲೆ, ಮತ್ತು ಮುಂದಿನ ಸೀಟುಗಳ ಕೆಳಗೆ ಅಡ್ಡಲಾಗಿ ಹೋಗುವ ಇನ್ನೊಂದು ತೊಲೆ. ಉದ್ದದ್ದಕ್ಕೆ ಸಿಲ್ ಅನ್ನುತ್ತೇವೆ, ಅಡ್ಡದ್ದಕ್ಕೆ ಕ್ರಾಸ್ ಮೆಂಬರ್. ಮುಂದಿನ ಚಕ್ರಗಳ ಸ್ಪ್ರಿಂಗು ಅಂದರೆ ತಿರುಚಿಕೊಂಡು ಭಾರ ತಡೆಯುವ ಉದ್ದನೆಯ ಸರಳುಗಳು, ಟಾರ್ಷನ್ ಬಾರ್‌ಗಳು, ಅವುಗಳ ಹಿಂದಿನ ತುದಿ ಹಿಡಿದುಕೊಳ್ಳುವುದು ಈ ಕ್ರಾಸ್ ಮೆಂಬರನ್ನೇ. ಕ್ರಾಸ್ ಮೆಂಬರಿನ ತುದಿ ಸಿಲ್ಲಿಗೆ ಸೇರುವ ಜಾಗ ತುಕ್ಕು ಹಿಡಿದರೆ, ಕಾರು ನಿಂತಲ್ಲೇ ನಿಧಾನವಾಗಿ ನಡು ಬಗ್ಗುತ್ತದೆ. ಆಗ ಬಾಗಿಲಿನ ಚೌಕಟ್ಟು ಮೇಲೆ ಮುಚ್ಚಿಕೊಳ್ಳುತ್ತದೆ, ಕೆಳಗೆ ಅಗಲವಾಗುತ್ತದೆ. ಹಗ್ಗದ ಮಂಚದ ನಡುವೆ ಕೂತಾಗ ಎರಡು ತುದಿಯ ಕಾಲುಗಳು ತಲೆ ಹತ್ತಿರ ತಂದು ಪಾದ ದೂರ ಮಾಡಿಕೊಳ್ಳುವ ಹಾಗೆ.

ಮೊದಲ ಎರಡು ದಿನ

ಪೆಟ್ಟಿಗೆ ಬಂತು. ಎರಡು ಮುಂದಿನ ಮಡ್‌ಗಾರ್ಡ್, ಎಡಗಡೆಯ ಒಂದು ಹಿಂದಿನ ಮಡ್‌ಗಾರ್ಡ್, ಎರಡು ಕಡೆಗೂ ಸಿಲ್ಲಿನ ಒಳತಗಡು ಹೊರತಗಡು. ಸಾಗಣೆ ಖರ್ಚೇ ಒಂದು ಮಡ್‌ಗಾರ್ಡಿನ ಬೆಲೆಗೆ ಸಮನಾಗಿತ್ತು. ಎಲ್ಲದರ ಮೇಲೆ ತೆಳ್ಳಗಿನ ಕಪ್ಪು ಲೇಪ. ಇದು ಸಾಗಣೆಯಲ್ಲಿ ತುಕ್ಕು ಹಿಡಿಯದಿರಲಿ ಅಂತ ಕೊಡುವುದು. ಇದನ್ನೇ ಪ್ರೈಮರ್ ಅಂದುಕೊಂಡು ಮೇಲೆ ಬಣ್ಣ ಹೊಡೆಯುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಉಜ್ಜಿ ತೆಗೆದು, ಸರಿಯಾದ ಎಪಾಕ್ಸಿ ಪ್ರೈಮರ್ ಕೊಟ್ಟೇ ಮುಂದುವರಿಯಬೇಕು. ಆದರೆ ಅದಕ್ಕೂ ಮೊದಲು, ಲೇಪ ಹಾಗೇ ಇರುವಾಗಲೇ, ಪ್ಯಾನೆಲ್ಲನ್ನು ಕಾರಿಗೆ ಹಿಡಿದು ನೋಡಬೇಕು. ಬಣ್ಣ ಹೊಡೆದ, ಕತ್ತರಿಸಿದ ಪ್ಯಾನೆಲ್ಲನ್ನು ಮಾರಿದವರು ವಾಪಸ್ ತೆಗೆದುಕೊಳ್ಳುವುದಿಲ್ಲ.

ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಎಡಗಡೆ ಮಡ್‌ಗಾರ್ಡನ್ನು ಬಾನೆಟ್ ಪಕ್ಕದ ಮೇಲಿನ ಸಾಲಿನ ಬೋಲ್ಟುಗಳಲ್ಲಿ ಸಡಿಲವಾಗಿ ನೇತುಹಾಕಿದೆವು. ಮೇಲುಗಡೆ ಚೆನ್ನಾಗಿ ಕೂತಿತು. ಬಾಗಿಲಿನ ಅಂಚಿನ ಪಕ್ಕದಲ್ಲಿ ಸೊಂಟದ ಎತ್ತರದವರೆಗೂ ಗ್ಯಾಪು 4 ಮಿ.ಮೀ., ಸಮವಾಗಿ. ಕೆಳಗೆ ಬಂದಾಗ, ಬಾಗಿಲ ಕಂಬದ ಬುಡದಲ್ಲಿರುವ ನಟ್ಟು ಮಡ್‌ಗಾರ್ಡಿನ ತೂತಿಗಿಂತ 11 ಮಿ.ಮೀ. ಮುಂದಕ್ಕಿತ್ತು. ಮಡ್‌ಗಾರ್ಡನ್ನು ಬಲವಂತವಾಗಿ ಮುಂದಕ್ಕೆಳೆದು ಬೋಲ್ಟು ಹಾಕಿ ನೋಡಿದೆ. ಬಾಗಿಲಿಗೂ ಮಡ್‌ಗಾರ್ಡಿಗೂ ನಡುವೆ ಕೆಳಗೆ ಹೆಬ್ಬೆರಳು ತೂರುವಷ್ಟು ಬಾಯಿ ಬಿಟ್ಟಿತು. ಬಾಗಿಲಿನ ಮೇಲೆ ಹರಿದು ಬರುವ ಉಬ್ಬುಗೆರೆ ಮಡ್‌ಗಾರ್ಡಿನ ಉಬ್ಬಿಗೆ ಸೇರದೆ ಕೆಳಕ್ಕೆ ಜಾರಿ ನಿಂತಿತು.

ನಕಲು ಪ್ಯಾನೆಲ್ ಅಂದರೆ ಹೀಗೇ, ಅಚ್ಚು ಸರಿಯಿಲ್ಲ, ಅಂದುಕೊಂಡೆ. ಎರಡನೇ ದಿನ ಮಧ್ಯಾಹ್ನ ಕೆಳಮೂಲೆಯ ಮಡಿಕೆಯನ್ನು 12 ಮಿ.ಮೀ. ಆಳಕ್ಕೆ ಸೀಳಿ, ಎಳೆದು ಬಗ್ಗಿಸಲು ಹೊರಟೆ. ಆ ಹೊತ್ತಿಗೆ ಮೇಸ್ತ್ರಿ ಊಟ ಮುಗಿಸಿಕೊಂಡು ಬಂದರು. ಮಂಡಿ ಮೊಹಲ್ಲಾದವರು, ನಲವತ್ತು ವರ್ಷದಿಂದ ಟಿಂಕರಿಂಗ್ ಮಾಡುತ್ತಿರುವವರು. ಸೀಳನ್ನು ನೋಡಿ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, “ಹಳೇದು ಎಲ್ಲಿ ಸಾರ್?”

“ಗುಜರಿಗೆ ಹಾಕಕ್ಕೆ ಹೊರಗೆ ಇಟ್ಟಿದೀನಿ.”

“ತರ್ಸಿ. ಅದನ್ನ ಹಾಕಿ ನೋಡೋಣ ಮೊದ್ಲು.”

ಹಳೆಯ ಮಡ್‌ಗಾರ್ಡ್ ಹೇಳಿದ್ದು

ಹಳೆಯದನ್ನು ಇಬ್ಬರು ಹುಡುಗರು ಎತ್ತಿ ತಂದರು. ಅದರ ಹಿಂದಿನ ಕೆಳಮೂಲೆ ಅರ್ಧ ಕೊಳೆತಿತ್ತು, ಆದರೆ ಬೋಲ್ಟು ಹಾಕುವ ಮಡಿಕೆಯ ತುಂಡು ಉಳಿದಿತ್ತು. ಮೇಸ್ತ್ರಿ ಅದರ ಮೇಲಿನ ಗ್ರೀಸ್ ಮಣ್ಣನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನನ್ನನ್ನು ಕರೆದರು.

ಒಂದು ಬೋಲ್ಟಿಗೆ ಎರಡು ತೂತು. ಹಿಂದಿನ ತೂತು ನಯವಾದ ಅಂಚಿನದು, ಅಂಚಿನ ಒಳಮೈಯಲ್ಲಿ ಕಾರಿನ ಮೊದಲಿನ ಹಸಿರು ಬಣ್ಣ ತೆಳ್ಳಗೆ ಉಳಿದಿತ್ತು. ಅಂದರೆ ಬಣ್ಣ ಹೊಡೆಯುವ ಮೊದಲೇ, ಕಾರ್ಖಾನೆಯಲ್ಲೇ ಒತ್ತಿ ಮಾಡಿದ ತೂತು. ಅದರ ಮುಂದೆ ಇನ್ನೊಂದು, ಡ್ರಿಲ್ಲಿನಲ್ಲಿ ಕೊರೆದದ್ದು, ಅಂಚೆಲ್ಲ ಹಲ್ಲುಹಲ್ಲು, ಒಳಗೆ ಬಣ್ಣದ ಸುಳಿವಿಲ್ಲ, ಬರೀ ತುಕ್ಕು. ಎರಡರ ನಡುವೆ ಉಳಿದಿದ್ದ ತಗಡು ಉಗುರಿನಷ್ಟು ಅಗಲವೂ ಇರಲಿಲ್ಲ. ಕ್ಯಾಲಿಪರ್ ಇಟ್ಟು ನಡುವಿನಿಂದ ನಡುವಿಗೆ ಅಳೆದೆ: 9 ಮಿ.ಮೀ.

ಕಾರಿನ ಜೊತೆ ಹುಟ್ಟಿದ ಮಡ್‌ಗಾರ್ಡೇ 2009ರಲ್ಲಿ ಕೂತಿರಲಿಲ್ಲ. ಆ ಗ್ಯಾರೇಜಿನವರು ಬೇರೆ ತೂತು ಕೊರೆದು ಬೋಲ್ಟು ಹಾಕಿದ್ದರು. ಮಿಕ್ಕಿದ್ದನ್ನು ಪುಟ್ಟಿಯಲ್ಲಿ ಮುಚ್ಚಿದ್ದರು. 1958ರಲ್ಲಿ ಕೂತಿದ್ದದ್ದು 2009ರಲ್ಲಿ ಕೂರಲಿಲ್ಲ ಅಂದರೆ ಸರಿದದ್ದು ಕಾರು. ನನ್ನ 11ರಲ್ಲಿ 9 ಕಾರಿನದು, 2 ಮಾತ್ರ ಹೊಸ ಪ್ಯಾನೆಲ್ಲಿನದು.

ಇಷ್ಟಕ್ಕೇ ನಂಬದೆ ಇನ್ನೆರಡು ಸಾಕ್ಷಿ ಹುಡುಕಿದೆವು. ಹೊಸ ಸಿಲ್ಲನ್ನು ಎಡಗಡೆ ಬಾಗಿಲ ಕೆಳಗೆ ಹಿಡಿದರೆ ಮುಂದಿನ ತುದಿಯಲ್ಲಿ 9 ಮಿ.ಮೀ. ಸಾಲಲಿಲ್ಲ, ಬಲಗಡೆಯದು ಬಲಗಡೆಗೆ ಸರಿಯಾಗಿ ಕೂತಿತು. ಆಮೇಲೆ ಮೇಸ್ತ್ರಿ ಎರಡು ಬಿದಿರು ದಬ್ಬೆಗಳನ್ನು ಒಂದರ ಮೇಲೊಂದು ಜಾರುವ ಹಾಗೆ ತಂತಿಯಲ್ಲಿ ಕಟ್ಟಿ, ತುದಿಗೆ ಮೊಳೆ ಹೊಡೆದು, ಬಾಗಿಲ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಅಳೆದರು. ಮೇಲಿನ ಹಿಂದಿನ ಮೂಲೆಯಿಂದ ಕೆಳಗಿನ ಮುಂದಿನ ಮೂಲೆಗೆ ಹೋಗುವ ಅಳತೆ ಬಲಗಡೆಗಿಂತ ಎಡಗಡೆ 7 ಮಿ.ಮೀ. ಜಾಸ್ತಿ. ಇನ್ನೊಂದು ಮೂಲೆ ಅಳತೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಕಂಬದ ತಲೆ ಇದ್ದಲ್ಲೇ ಇದೆ, ಬುಡ ಮುಂದಕ್ಕೆ ಹೋಗಿದೆ.

ಹಾಗಾದರೆ ಬಾಗಿಲು ಹೇಗೆ ಮೇಲುಗಡೆ ಅಷ್ಟು ಸರಿಯಾಗಿ ಕಾಣುತ್ತಿತ್ತು? ಬಾಗಿಲಿನ ಹಿಂಜ್ ಬಿಚ್ಚಿದಾಗ ಉತ್ತರ ಸಿಕ್ಕಿತು. ಒಂದು ಹಿಂಜಿನ ಹಿಂದೆ ಮೂರು ಮಡಿಕೆ ಮಾಡಿದ ತೆಳು ತಗಡು ತುರುಕಿದ್ದರು. ಬಿಡಿಸಿದರೆ ಎಣ್ಣೆ ಡಬ್ಬದ ತುಂಡು, ಮೇಲೆ ಅಚ್ಚಾದ ಹೂವಿನ ಚಿತ್ರ ಇನ್ನೂ ಕಾಣುತ್ತಿತ್ತು. ಕಂಬ ವಾಲಿದಾಗ ಬಾಗಿಲೂ ಅದರ ಜೊತೆ ವಾಲಿ ಹಿಂದಿನ ತುದಿ ಕೆಳಗಿಳಿದಿದೆ. ಕಂಬ ನೆಟ್ಟಗೆ ಮಾಡುವ ಬದಲು ಬಾಗಿಲನ್ನು ಎತ್ತಿ ಕಟ್ಟಿದ್ದಾರೆ. ಬಾಗಿಲು ಹೇಗೋ ಲಾಕಿಗೆ ಸೇರಿತು. ತಪ್ಪು ಮಡ್‌ಗಾರ್ಡಿಗೆ ಹೋಯಿತು, ಮಡ್‌ಗಾರ್ಡಿನಿಂದ ಪುಟ್ಟಿಗೆ ಹೋಯಿತು, ಹದಿಮೂರು ವರ್ಷ ಆದ ಮೇಲೆ ನನ್ನ ಕೈಯ ಕಟ್ಟರಿಗೆ ಬಂತು.

ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಹಳೆಯ ಕಾರು ಬಿಚ್ಚುತ್ತಿದ್ದರೆ, ಒಂದು ಬೇಡಿಕೆ: ಹೊಸ ಪ್ಯಾನೆಲ್ ಕೂತು, ಬಣ್ಣವಾಗಿ, ಕಾರು ರಸ್ತೆಗೆ ಇಳಿಯುವವರೆಗೂ ಹಳೆಯ ಒಂದು ಚೂರು ತಗಡನ್ನೂ ಗುಜರಿಗೆ ಕೊಡಬೇಡಿ. ಕೊಳೆತ ಮಡ್‌ಗಾರ್ಡಿನಲ್ಲಿ ತೂತುಗಳ ದೂರ, ಮಡಿಕೆಯ ಕೋನ, ಉಬ್ಬಿನ ಆಕಾರ ಎಲ್ಲ ಉಳಿದಿರುತ್ತವೆ. ಆ ಕಾರಿಗೆ ಅದೇ ಅಳತೆಗೋಲು, ಬೇರೆ ಕಡೆ ಸಿಗುವುದಿಲ್ಲ.

ನಕಲು ಪ್ಯಾನೆಲ್ ಯಾಕೆ ಕೂರುವುದಿಲ್ಲ

ಪ್ಯಾನೆಲ್ಲಿನ ಪಾಲಿನ 2 ಮಿ.ಮೀ. ಬಗ್ಗೆಯೂ ನ್ಯಾಯವಾಗಿ ಹೇಳಬೇಕು. ಮಾಲೀಕರು ಫೋನಿನಲ್ಲಿ ಕೇಳಿದ್ದು ಸರಿಯಾದ ಪ್ರಶ್ನೆಯೇ: “ಅಲ್ಲ ಸ್ವಾಮಿ, ಅಷ್ಟು ದುಡ್ಡು ಕೊಟ್ಟು ಇಂಗ್ಲೆಂಡಿಂದ ತರ್ಸಿದೀವಿ, ಅದೂ ಕೂತ್ಕಳಲ್ಲ ಅಂದ್ರೆ ಏನರ್ಥ?”

ಮೊದಲನೆಯದಾಗಿ, ಆ ಕಾಲದ ಕಾರುಗಳೇ ಒಂದರಂತೆ ಇನ್ನೊಂದಿರಲಿಲ್ಲ. ಕಾರ್ಖಾನೆಯಲ್ಲೇ ಉದ್ದ ತೂತು, ವಾಷರ್, ಷಿಮ್ (ಸಂದಿಗೆ ಇಡುವ ತೆಳು ತಗಡು) ಇಟ್ಟು, ಸುತ್ತಿಗೆ ಆಡಿಸಿ ಹೊಂದಿಸಿ ಕಳಿಸುತ್ತಿದ್ದರು. ಹೊಸ ಪ್ಯಾನೆಲ್ಲಿನ ಅಚ್ಚನ್ನು ಯಾವುದೋ ಒಂದು ಹಳೆಯ ಪ್ಯಾನೆಲ್ ನೋಡಿ ಮಾಡಿದ್ದರೆ, ಆ ಒಂದು ಕಾರಿನ ಗುಣದೋಷಗಳು ಅಚ್ಚಿಗೂ ಬರುತ್ತವೆ. ಮೂಲ ಅಚ್ಚುಗಳಲ್ಲೇ ಒತ್ತಿದವೂ ಕೆಲವು ಕಾರುಗಳಿಗೆ ಸಿಗುತ್ತವೆ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಅನ್ನುವ ಸಂಸ್ಥೆ 1988ರಲ್ಲಿ ಎಂಜಿಬಿ ಕಾರಿನ ಇಡೀ ಬಾಡಿ ಶೆಲ್ಲನ್ನೇ ಹಳೆಯ ಅಚ್ಚು ಹುಡುಕಿ ಮತ್ತೆ ತಯಾರಿಸಿತು. ಅಂಥದ್ದು ಸಿಕ್ಕರೆ ಪುಣ್ಯ. ಎರಡನೆಯದು, ತಗಡನ್ನು ಒತ್ತಿ ಬಿಟ್ಟಾಗ ಅದು ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಉಕ್ಕಿನ ಗಡಸು ಬದಲಾದರೆ ಚಿಮ್ಮುವುದೂ ಬದಲಾಗುತ್ತದೆ. ನಮ್ಮ ಎಡ ಮಡ್‌ಗಾರ್ಡಿನ ಹಿಂದಿನ ಮಡಿಕೆ 90 ಡಿಗ್ರಿ ಇರಬೇಕಾದ ಕಡೆ 94 ಇತ್ತು. ನಾಲ್ಕು ಡಿಗ್ರಿ ಅಂದರೆ ಏನೂ ಅಲ್ಲ ಅನ್ನಿಸುತ್ತದೆ, ಒಂದು ಇಂಚಿನ ಮಡಿಕೆಯಲ್ಲಿ ಅದೇ ಹತ್ತಿರ ಹತ್ತಿರ 2 ಮಿ.ಮೀ. ಆಗುತ್ತದೆ. ಡಾಲಿಯನ್ನು, ಅಂದರೆ ಸುತ್ತಿಗೆ ಏಟಿಗೆ ಆನಿಕೆ ಕೊಡುವ ಕಬ್ಬಿಣದ ತುಂಡನ್ನು, ಒಳಗೆ ಹಿಡಿದು ಮರದ ಸುತ್ತಿಗೆಯಲ್ಲಿ ಮಡಿಕೆಯನ್ನು ಮುಚ್ಚಿದಾಗ ಅಷ್ಟೂ ವಾಪಸ್ ಬಂತು. ಕತ್ತರಿಸಬೇಕಾದ ಅಗತ್ಯವೇ ಇರಲಿಲ್ಲ. ನಾನು ಸೀಳಿದ ಕಡೆ ಮತ್ತೆ ವೆಲ್ಡ್ ಮಾಡಿ, ಅರೆದು, ಮಟ್ಟ ಮಾಡಲು ಮೇಸ್ತ್ರಿಗೆ ಅರ್ಧ ದಿನ ಹಿಡಿಯಿತು. ಈಗಲೂ ಬಾಗಿಲು ತೆರೆದು ಬಗ್ಗಿ ನೋಡಿದರೆ ಆ ಗೆರೆ ನನಗೆ ಕಾಣುತ್ತದೆ.

ಇನ್ನು ಮಾದರಿಯ ವರ್ಷದ ವಿಚಾರ. ಮೈನರ್‌ನ ಮುಂದಿನ ಸಣ್ಣ ದೀಪಗಳು 1963ರ ಸುಮಾರಿಗೆ ದೊಡ್ಡವಾದವು. ನಮ್ಮ ಕಾರಿಗೆ ಚಿಕ್ಕ ದೀಪ, ಇಂಡಿಕೇಟರ್ ಬದಲಿಗೆ ಕಂಬದಿಂದ ಕೈ ಚಾಚುವ ಟ್ರಾಫಿಕೇಟರ್. ಬಂದ ಪ್ಯಾನೆಲ್‌ಗಳಲ್ಲಿ ಬಲಗಡೆಯದಕ್ಕೆ ದೊಡ್ಡ ದೀಪದ ತೂತಿತ್ತು. ಆರ್ಡರ್ ಮಾಡುವಾಗ ಬರೀ ‘ಮೈನರ್ 1000’ ಅಂತ ಬರೆದರೆ ಹೀಗಾಗುತ್ತದೆ, ವರ್ಷ, ದೀಪದ ಅಳತೆ, ಒಂದು ಫೋಟೋ ಮೂರೂ ಕಳಿಸಬೇಕು. ಬೋಲ್ಟಿನ ಬಗ್ಗೆ ಒಂದು ಮಾತು: ಆ ಕಾಲದ ಇಂಗ್ಲಿಷ್ ಕಾರಿನವು ಇಂಚಿನ ಅಳತೆಯ, ಯುಎನ್‌ಎಫ್ ಅನ್ನುವ ಎಳೆಯವು (ಥ್ರೆಡ್). ನಮ್ಮ ಹಾರ್ಡ್‌ವೇರ್ ಅಂಗಡಿಯ 8 ಮಿ.ಮೀ. ಬೋಲ್ಟು 5/16 ಇಂಚಿನ ನಟ್ಟಿಗೆ ಒಂದೆರಡು ಸುತ್ತು ಹೋದ ಹಾಗೆ ಮಾಡಿ, ಆಮೇಲೆ ಎಳೆಯನ್ನೇ ತಿಂದುಹಾಕುತ್ತದೆ. ಬಿಚ್ಚಿದ ಪ್ರತಿ ಬೋಲ್ಟನ್ನೂ ಡಬ್ಬಿಯಲ್ಲಿ ಹೆಸರು ಬರೆದು ಇಡಬೇಕು.

ಕಂಬವನ್ನು ವಾಪಸ್ ತಂದದ್ದು

ಈ ಭಾಗಕ್ಕೇ ಐದು ವಾರ ಹೋಯಿತು.

ಮೊದಲು ಎಡಗಡೆಯ ಟಾರ್ಷನ್ ಬಾರಿನ ಬಿಗಿ ಪೂರ್ತಿ ಇಳಿಸಿದೆವು. ಅದರೊಳಗೆ ಎಷ್ಟು ಶಕ್ತಿ ಸುತ್ತಿಕೊಂಡು ಕೂತಿರುತ್ತದೆ ಅನ್ನುವುದು ಗೊತ್ತಿಲ್ಲದೆ ಕ್ರಾಸ್ ಮೆಂಬರ್ ಕತ್ತರಿಸಲು ಹೋದರೆ ಕೈಕಾಲು ಮುರಿಯುತ್ತದೆ. ಕಾರನ್ನು ಮುಂದಿನ ಚಾಸಿ ಕಂಬಿಗಳ ಕೆಳಗೂ ಹಿಂದಿನ ಆಕ್ಸಲ್ ಕೆಳಗೂ ಸ್ಟ್ಯಾಂಡ್ ಕೊಟ್ಟು ನೀರುಮಟ್ಟ ನೋಡಿ ನಿಲ್ಲಿಸಿದೆವು. ಬಲಗಡೆ ಬಾಗಿಲ ಚೌಕಟ್ಟಿಗೆ ಒಂದಿಂಚಿನ ಚೌಕ ಪೈಪನ್ನು ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಚುಕ್ಕೆ ವೆಲ್ಡ್ ಮಾಡಿ ಕಟ್ಟಿಹಾಕಿದೆವು. ಸರಿಯಾಗಿರುವ ಕಡೆ ಕದಲಬಾರದು, ನಮಗೆ ಉಳಿದಿದ್ದ ಒಂದೇ ಸರಿಯಾದ ಅಳತೆ ಅದು. ಒಂದು ಸಲಕ್ಕೆ ಒಂದು ಕಡೆ ಮಾತ್ರ ಬಿಚ್ಚಬೇಕು ಅನ್ನುವುದೂ ಇದಕ್ಕೇ.

2009ರ ಚಪ್ಪಟೆ ತಗಡನ್ನು ಬಿಡಿಸಿದಾಗ ಒಳಗಿನಿಂದ ಎರಡು ಬೊಗಸೆ ಒಣ ಮಣ್ಣು, ಇಲಿ ಕಚ್ಚಿ ತಂದ ಭತ್ತದ ಹೊಟ್ಟು, ಪದರ ಪದರವಾಗಿ ಬಿದ್ದ ತುಕ್ಕು ಸುರಿಯಿತು. ಹಳೆಯ ಸಿಲ್ ಕಂಬದ ಬುಡದಿಂದ ಬೆರಳು ತೂರುವಷ್ಟು ಬಿಟ್ಟುಕೊಂಡಿತ್ತು. ಕ್ರಾಸ್ ಮೆಂಬರಿನ ತುದಿ ಅಂಗೈ ಅಗಲ ಇರಲೇ ಇಲ್ಲ. ಕಂಬವನ್ನು ಇಷ್ಟು ವರ್ಷ ಹಿಡಿದಿದ್ದು ಆ ಹೊದಿಕೆ ತಗಡು, ಅದೂ ತಪ್ಪಾದ ಜಾಗದಲ್ಲಿ.

ಕಂಬದ ಬುಡಕ್ಕೂ ಲಾಕ್ ಕಡೆಯ ಕಂಬದ ಬುಡಕ್ಕೂ ತಾತ್ಕಾಲಿಕವಾಗಿ ಒಂದೊಂದು ಕೊಂಡಿ ವೆಲ್ಡ್ ಮಾಡಿ, ನಡುವೆ ಟರ್ನ್‌ಬಕಲ್ ಹಾಕಿದೆವು, ತಂತಿ ಬೇಲಿ ಬಿಗಿ ಮಾಡಲು ಬಳಸುತ್ತಾರಲ್ಲ ಅದೇ. ಕಾಲು ಸುತ್ತು ತಿರುಗಿಸುವುದು, ಬಿದಿರು ದಬ್ಬೆಯಲ್ಲಿ ಮೂಲೆ ಅಳತೆ ನೋಡುವುದು, ಬಿಡುವುದು. ಮೊದಲ ದಿನ 4 ಮಿ.ಮೀ. ಬಂತು. ಸಂಜೆ ಅಲ್ಲಿಗೇ ನಿಲ್ಲಿಸಲು ಮೇಸ್ತ್ರಿ ಹೇಳಿದರು. ಬೆಳಿಗ್ಗೆ ನೋಡಿದರೆ ಅರ್ಧ ಮಿ.ಮೀ. ಹಿಂದಕ್ಕೆ ಹೋಗಿತ್ತು, ಅರವತ್ತು ವರ್ಷದ ತಗಡಿಗೂ ಚಿಮ್ಮುವ ಗುಣ ಇರುತ್ತದೆ. ಎರಡನೇ ದಿನ ಬೇಕಾದ್ದಕ್ಕಿಂತ 1 ಮಿ.ಮೀ. ಹೆಚ್ಚು ಎಳೆದು, ರಾತ್ರಿ ಬಿಟ್ಟು, ಮೂರನೇ ದಿನ ಸಡಿಲಿಸಿದಾಗ ಎರಡೂ ಕಡೆ ಅಳತೆ ಸರಿಹೋಯಿತು. ಎಣ್ಣೆ ಡಬ್ಬದ ತಗಡಿಲ್ಲದೆ ಬಾಗಿಲು ನೇತುಹಾಕಿದೆವು. ನಾಲಿಗೆ ಲಾಕಿನ ನಡುವಿಗೆ ಬಂದು ನಿಂತಿತು.

ಆಮೇಲಿನ ಕ್ರಮ: ಕ್ರಾಸ್ ಮೆಂಬರಿನ ತುದಿ, ಕಂಬದ ಬುಡ, ಸಿಲ್ಲಿನ ಒಳತಗಡು. ಇಷ್ಟನ್ನು ಪೂರ್ತಿ ವೆಲ್ಡ್ ಮಾಡಿದೆವು. ಕಾರ್ಖಾನೆಯಲ್ಲಿ ಸ್ಪಾಟ್ ವೆಲ್ಡಿಂಗ್ ಇದ್ದ ಕಡೆ, ಮೇಲಿನ ತಗಡಿಗೆ ತೂತು ಮಾಡಿ ಅದರ ಮೂಲಕ ಸಿಒ2 ವೆಲ್ಡಿಂಗ್‌ನಲ್ಲಿ ತುಂಬಿದೆವು. ಎರಡು ತಗಡು ಮುಖಾಮುಖಿಯಾಗುವ ಕಡೆ ಸತುವಿನ ಪ್ರೈಮರ್. ಉದ್ದಕ್ಕೆ ಒಂದೇ ಸಮ ಎಳೆದರೆ ಕಾವಿಗೆ ತಗಡು ಕುಗ್ಗಿ, ಕಷ್ಟಪಟ್ಟು ತಂದ 9 ಮಿ.ಮೀ.ನಲ್ಲಿ ಎರಡು ಮತ್ತೆ ಕಳೆದುಹೋಗುತ್ತದೆ. ಹಾಗಾಗಿ ಇಲ್ಲೊಂದು ಅಲ್ಲೊಂದು ಹಾಕಿ, ತಣಿಯಲು ಬಿಟ್ಟು, ಬಾಗಿಲು ಹಾಕಿ ತೆಗೆದು ನೋಡುವುದು.

ಹೊರಗಿನ ಸಿಲ್ ಮುಚ್ಚುವ ಮೊದಲು ಟಾರ್ಷನ್ ಬಾರ್ ಬಿಗಿ ಮಾಡಿ ಕಾರನ್ನು ಅದರ ಚಕ್ರದ ಮೇಲೆ ಇಳಿಸಿದೆವು. ಎಂಜಿನ್ನು ಗೇರ್‌ಬಾಕ್ಸು ರಿಪೇರಿಗೆ ಹೋಗಿದ್ದವು. ಅವುಗಳ ತೂಕಕ್ಕೆ ಸರಿಗಟ್ಟುವಷ್ಟು ಮರಳು ಮೂಟೆಗಳನ್ನು ಎಂಜಿನ್ ಜಾಗದಲ್ಲಿ ಇಟ್ಟೆವು, ಸೀಟಿನ ಜಾಗದಲ್ಲಿ ಇಬ್ಬರು ಹುಡುಗರನ್ನು ಕೂರಿಸಿದೆವು. ಸ್ಟ್ಯಾಂಡಿನ ಮೇಲೆ ಚೆನ್ನಾಗಿ ಕಂಡ ಗ್ಯಾಪು ಚಕ್ರದ ಮೇಲೆ ನಿಂತಾಗ ಬದಲಾಗುವುದು ನಾನು ಹಿಂದೆ ಬೇರೆ ಕಾರಿನಲ್ಲಿ ಕಂಡಿದ್ದೇನೆ. ಇಲ್ಲಿ ಬದಲಾಗಲಿಲ್ಲ. 4 ಮಿ.ಮೀ. ಪ್ಲೈವುಡ್ ತುಂಡೊಂದನ್ನು ಮೇಸ್ತ್ರಿ ಬಾಗಿಲ ಅಂಚಿನುದ್ದಕ್ಕೂ ಎಳೆದರು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ, ಎಲ್ಲೂ ಅಲ್ಲಾಡಲಿಲ್ಲ. ಆಗ ಹೊರ ಸಿಲ್ ಹಾಕಿದೆವು.

ಮಡ್‌ಗಾರ್ಡ್ ಕೂರಿಸುವುದಕ್ಕೆ ಕೊನೆಗೆ ಒಂದೂವರೆ ದಿನ ಸಾಕಾಯಿತು. ಮೊದಲು ಬಾಗಿಲು, ಬಾಗಿಲು ನೋಡಿಕೊಂಡು ಮಡ್‌ಗಾರ್ಡ್, ಮಡ್‌ಗಾರ್ಡ್ ನೋಡಿಕೊಂಡು ಬಾನೆಟ್, ಎಲ್ಲಕ್ಕೂ ಕೊನೆಗೆ ಗ್ರಿಲ್ಲಿನ ಮುಂಭಾಗ. ಕದಲಿಸಲಾಗದ ಹಿಂಭಾಗದಿಂದ ಮುಂದಕ್ಕೆ ಬರಬೇಕು. ಮುಂದಿನಿಂದ ಶುರು ಮಾಡಿದರೆ ಎಲ್ಲ ತಪ್ಪೂ ಬಾಗಿಲ ಹತ್ತಿರ ಬಂದು ಸೇರುತ್ತದೆ. ಮಡಿಕೆ ಎಲ್ಲಿ ಕಂಬಕ್ಕೆ ತಾಗುತ್ತಿದೆ ಅಂತ ನೋಡಲು ಮೇಸ್ತ್ರಿ ಬಟ್ಟೆಗೆ ಹಾಕುವ ನೀಲಿಯನ್ನು ಗ್ರೀಸಿನಲ್ಲಿ ಕಲಸಿ ಕಂಬಕ್ಕೆ ಸವರಿದರು. ಮಡ್‌ಗಾರ್ಡ್ ಒತ್ತಿ ತೆಗೆದರೆ ತಾಗಿದ ಕಡೆ ನೀಲಿ ಹತ್ತಿರುತ್ತದೆ, ಅಷ್ಟನ್ನೇ ತಟ್ಟಬೇಕು. ಮೂರು ಸಲ ಹೀಗೆ ಮಾಡಿದ ಮೇಲೆ ನೀಲಿ ಗೆರೆ ಮೇಲಿಂದ ಕೆಳಗೆ ಒಂದೇ ಸಮ ಬಂತು. ಉಬ್ಬುಗೆರೆ ಬಾಗಿಲಿಗೆ ಸೇರುವ ಕಡೆ ಹೊಸ ಪ್ಯಾನೆಲ್ ಸ್ವಲ್ಪ ಚಪ್ಪಟೆಯಾಗಿತ್ತು. ಅದನ್ನು ಪುಟ್ಟಿಯಲ್ಲಿ ತುಂಬಬಹುದಿತ್ತು. ಮೇಸ್ತ್ರಿ ತುಂಬಲಿಲ್ಲ. ಅಂಗೈ ಕೆಳಗೆ ತೆಳು ಹತ್ತಿ ಬಟ್ಟೆ ಇಟ್ಟುಕೊಂಡು, ಕಣ್ಣು ಬೇರೆಲ್ಲೋ ಇಟ್ಟು, ಕೈಯಿಂದ ತಗ್ಗು ಹುಡುಕಿ, ಒಳಗಿನಿಂದ ಡಾಲಿ ಕೊಟ್ಟು ಎತ್ತುತ್ತ ಹೋದರು. ಕೊನೆಗೆ ಬಳಸಿದ ಪುಟ್ಟಿ ಎಲ್ಲೂ 1 ಮಿ.ಮೀ. ದಾಟಲಿಲ್ಲ.

ಬಲಗಡೆ

ಬಲಗಡೆ ಹೊಸ ಪ್ಯಾನೆಲ್ ಕೂತಿತ್ತು ಅಂದೆ. ಆದರೂ ಅದನ್ನು ಬಳಸಲಿಲ್ಲ. ಹಳೆಯ ಬಲ ಮಡ್‌ಗಾರ್ಡನ್ನು ಸ್ವಚ್ಛ ಮಾಡಿದಾಗ ಕೊಳೆತದ್ದು ಕೆಳಗಿನ ನಾಲ್ಕು ಇಂಚು ಮಾತ್ರ ಅಂತ ಗೊತ್ತಾಯಿತು. ಮಿಕ್ಕ ತಗಡು ಗಟ್ಟಿ, ಆಕಾರ ಮೂಲದ್ದು, ದೀಪದ ತೂತು ಈ ಕಾರಿನದೇ. ಕೆಳಗಿನ ತುಂಡನ್ನು ಮೇಸ್ತ್ರಿ ಕೈಯಲ್ಲೇ ತಟ್ಟಿ ಮಾಡಿ ಅಂಚಿಗೆ ಅಂಚು ಸೇರಿಸಿದರು.

ಇದಕ್ಕೆ ಮಾಲೀಕರನ್ನು ಒಪ್ಪಿಸುವುದು ಸುಲಭವಾಗಲಿಲ್ಲ. “ಹೊಸದು ಬಂದದಲ್ಲ, ಹಳೇದಕ್ಕೆ ತ್ಯಾಪೆ ಯಾಕ್ ಹಾಕ್ತೀರಾ?” ಅಂದರು. ಅವರನ್ನು ಷೆಡ್ಡಿಗೆ ಕರೆಸಿ, ಎರಡನ್ನೂ ಒಂದರ ಪಕ್ಕ ಒಂದು ನಿಲ್ಲಿಸಿ, ದೀಪದ ಗುಂಡಿಯ ಸುತ್ತ ಬೆರಳಾಡಿಸಲು ಹೇಳಿದೆ. ಹಳೆಯದರಲ್ಲಿ ಅಂಚು ತಿರುಗುವ ರೀತಿ ಬಿಗಿ, ಹೊಸದರಲ್ಲಿ ಮೊಂಡು. ಅವರು ಸುಮಾರು ಹೊತ್ತು ಬೆರಳಾಡಿಸಿ, “ನಮ್ಮಪ್ಪ ಇಲ್ಲೇ ಕೈ ಇಟ್ಕಂಡು ನಿಂತ್ಕತಿದ್ರು” ಅಂದರು. ಆಮೇಲೆ ಮಾತು ಬೆಳೆಯಲಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಹಳೆಯ ಹೊರತಗಡಿನ ಮುಕ್ಕಾಲು ಪಾಲು ಗಟ್ಟಿಯಿದ್ದರೆ ಅದನ್ನೇ ಉಳಿಸಬೇಕು. ಹೊಸ ಪ್ಯಾನೆಲ್ ಇರುವುದು ಉಳಿಸಲಾಗದ ಕಡೆಗೆ, ಮತ್ತು ಸಿಲ್ಲಿನಂಥ ಭಾರ ಹೊರುವ ಜಾಗಕ್ಕೆ. ಅಲ್ಲಿ ತ್ಯಾಪೆ ಹಾಕಿ ಜೀವದ ಜೊತೆ ಆಟ ಆಡಬಾರದು.

ಹಿಂದಿನ ಎಡ ಮಡ್‌ಗಾರ್ಡ್ ಹೊಸದನ್ನೇ ಹಾಕಿದೆವು. ಬಾಡಿಗೂ ಅದಕ್ಕೂ ನಡುವಿನ ಸಂದಿಯಲ್ಲಿ ಬರುವ ಪೈಪಿಂಗ್ ಪಟ್ಟಿ ಎರಡು ಮೂರು ಮಿ.ಮೀ. ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ, ಅರ್ಧ ದಿನದ ಕೆಲಸ.

ಈಗ

ಬಣ್ಣ ಮುಗಿದ ಮೇಲೆ ಸಿಲ್ಲುಗಳ ಒಳಗೆ ಮೇಣದ ಲೇಪ ಸಿಂಪಡಿಸಿ, ಕೆಳಗಿನ ನೀರು ಹೋಗುವ ತೂತುಗಳನ್ನು ತಂತಿ ಹಾಕಿ ಬಿಡಿಸಿದೆವು. ಬಣ್ಣ ಹೊಡೆಯುವಾಗ ಇವು ಮುಚ್ಚಿಹೋಗುತ್ತವೆ, ಯಾರೂ ನೋಡುವುದಿಲ್ಲ. ಕೊಟ್ಟಿಗೆಯ ನೆಲಕ್ಕೆ ಮಾಲೀಕರು ಕಾಂಕ್ರೀಟ್ ಹಾಕಿಸಿದರು. ಹಾಕಿಸುವವರೆಗೂ ಕಾರು ಕೊಡುವುದಿಲ್ಲ ಅಂತ ನಾನೇ ಹಟ ಹಿಡಿದಿದ್ದೆ. ಕಾರಿಗೆ ಹಳೆಯ ‘ಎಂವೈ’ ನಂಬರೇ ಉಳಿದಿದೆ.

ನಿಮಿಷಾಂಬಕ್ಕೆ ಹೊರಟ ದಿನ ನಾನೂ ಹಿಂದೆ ಬೇರೆ ಗಾಡಿಯಲ್ಲಿ ಹೋಗಿದ್ದೆ, ಏನಾದರೂ ಆದರೆ ಇರಲಿ ಅಂತ. ಅವ್ವನಿಗೆ ಎಂಬತ್ತೇಳು. ಮಗ ಎಡಗಡೆ ಬಾಗಿಲು ತೆರೆದು ಕೂರಿಸಿದರು. ಬಾಗಿಲು ಜೋರಾಗಿ ಎಳೆಯಬೇಕು ಅನ್ನುವ ಹಳೆಯ ಅಭ್ಯಾಸದಲ್ಲಿ ಅವರು ಎರಡೂ ಕೈ ಹಾಕಿದರು.

“ಅವ್ವ, ಮೆತ್ತಗೆ ಸಾಕು,” ಅಂದರು ಮಗ.

ಕಳೆದ ತಿಂಗಳು ಕಾರು ಸರ್ವಿಸಿಗೆ ಬಂದಿತ್ತು. ಅಷ್ಟರಲ್ಲಿ 1,200 ಕಿಲೋಮೀಟರ್ ಓಡಿದೆ, ಅದರಲ್ಲಿ ಅರ್ಧ ಹಳ್ಳಿ ರಸ್ತೆ. ಅದೇ ಪ್ಲೈವುಡ್ ತುಂಡನ್ನು ಎಡಗಡೆ ಬಾಗಿಲ ಅಂಚಿನಲ್ಲಿ ಎಳೆದು ನೋಡಿದೆವು. ಮೇಲಿನಿಂದ ಕೆಳಗಿನವರೆಗೂ ಸಲೀಸಾಗಿ ಹೋಯಿತು, ಕಂಬದ ಬುಡದ ಹತ್ತಿರ ಒಂದು ಕೂದಲೆಳೆ ಸಡಿಲ ಅಂತ ಮೇಸ್ತ್ರಿಗೆ ಅನ್ನಿಸಿತು, ನನಗೆ ಅನ್ನಿಸಲಿಲ್ಲ. ತಾರೀಖು ಹಾಕಿ ಬರೆದಿಟ್ಟಿದ್ದೇನೆ, ಮಳೆಗಾಲ ಮುಗಿದ ಮೇಲೆ ಮತ್ತೆ ಅಳೆಯುತ್ತೇವೆ. ಎರಡು ತೂತಿನ ಹಳೆಯ ಎಡ ಮಡ್‌ಗಾರ್ಡ್ ಷೆಡ್ಡಿನ ಗೋಡೆಯ ಮೇಲಿದೆ, ಬಳಸದ ಬಲಗಡೆಯ ಹೊಸದು ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲಿದೆ.